ಕರೆಂಟ್ ಕಂಬ ನೋಡೋಕೆ ಹೋದ ಕಾರು ಫ್ಯಾಮಿಲಿ ಕಾರಾದ ಕಥೆ

ಇವತ್ತಿನ ಕಂತು ಒಂದು ಗೇಮ್‌ನಿಂದ ಶುರುವಾಗುತ್ತೆ, ಆದ್ರೆ ಬೇಗ ಅದನ್ನು ಬಿಟ್ಟು ಹಿಮ ಬೀಳೋ ಊರುಗಳಿಗೆ ಹೋಗ್ತೀವಿ.

‘ಆಟೋಮೇಷನ್’ ಅಂತ ಒಂದು ಕಂಪ್ಯೂಟರ್ ಗೇಮ್ ಇದೆ. ಅದರಲ್ಲಿ ರೇಸ್ ಓಡಿಸೋದಿಲ್ಲ, ಕಾರು ಕಟ್ತೀರಿ. ಎಂಜಿನ್ ಉದ್ದಕ್ಕೆ ಇಡಬೇಕಾ ಅಡ್ಡಕ್ಕೆ ಇಡಬೇಕಾ, ಶಕ್ತಿ ಮುಂದಿನ ಚಕ್ರಕ್ಕಾ, ಹಿಂದಿನದಕ್ಕಾ, ನಾಲ್ಕಕ್ಕೂನಾ, ಎಲ್ಲಾ ನಿಮ್ಮ ಕೈಯಲ್ಲೇ. ಆಟಗಾರರು ತಮ್ಮತಮ್ಮಲ್ಲೇ ಸ್ಪರ್ಧೆ ಇಟ್ಕೋತಾರೆ. ಒಬ್ಬರು ನಿಯಮ ಬರೀತಾರೆ: ಇಂಥ ವರ್ಷ, ಇಷ್ಟು ಬಜೆಟ್, ಐದು ಜನ ಕೂರಬೇಕು, ಡಿಕ್ಕಿಯಲ್ಲಿ ಸಾಮಾನು ಹಿಡೀಬೇಕು, ನಾಲ್ಕೂ ಚಕ್ರ ತಿರುಗಬೇಕು, ಪೆಟ್ರೋಲ್ ಜಾಸ್ತಿ ಕುಡೀಬಾರದು. ಕೇಳೋಕೆ ಸುಲಭ. ಕಟ್ಟೋಕೆ ಕೂತ್ರೆ ಗೊತ್ತಾಗುತ್ತೆ, ಒಂದನ್ನು ಮೇಲೆ ಎಳೆದ್ರೆ ಇನ್ನೊಂದು ಕೆಳಗೆ ಜಾರುತ್ತೆ.

ಇದೇ ಪರೀಕ್ಷೆಯನ್ನ ನಿಜವಾದ ಎಂಜಿನಿಯರ್‌ಗಳು ನಿಜವಾದ ದುಡ್ಡಿನಲ್ಲಿ ಬರೆದಿದ್ದಾರೆ. ಹೆಚ್ಚಿನವರು ಫೇಲ್ ಆಗಿದ್ದಾರೆ. ಅವರಲ್ಲಿ ಒಬ್ಬರ ಉತ್ತರ ಪೂರ್ತಿ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ. ಆದ್ರೂ ಫೇಲ್.

ಅವರ ಹೆಸರು ಹ್ಯಾರಿ ಫರ್ಗೂಸನ್. ಹಳ್ಳಿ ಕಡೆಯವರಿಗೆ ಈ ಹೆಸರು ಟ್ರ್ಯಾಕ್ಟರ್ ಮೇಲೆ ನೋಡಿ ಗೊತ್ತು, ಮ್ಯಾಸಿ ಫರ್ಗೂಸನ್‌ನ ಅದೇ ಫರ್ಗೂಸನ್. ಉತ್ತರ ಐರ್ಲೆಂಡಿನವರು. ಟ್ರ್ಯಾಕ್ಟರ್ ವ್ಯವಹಾರ ಮುಗಿಸಿದ ಮೇಲೆ ವಯಸ್ಸಾದ ಕಾಲದಲ್ಲಿ ಅವರ ತಲೆಗೆ ಹತ್ತಿದ್ದು ಒಂದೇ ವಿಷಯ, ಜಾರದ ಕಾರು. ನಾಲ್ಕು ಚಕ್ರಕ್ಕೆ ಶಕ್ತಿ ಕೊಡೋದು ಹೊಸದೇನಲ್ಲ. ಹಾಲೆಂಡಿನ ಸ್ಪೈಕರ್ ಕಂಪನಿ 1903ರಲ್ಲೇ ಅಂಥದ್ದೊಂದು ಕಾರು ಮಾಡಿತ್ತು. ಆಮೇಲೆ ಯುದ್ಧದ ಜೀಪುಗಳು ಬಂದ್ವು. ಆದ್ರೆ ಅವೆಲ್ಲ ಒಂದೋ ಪ್ರದರ್ಶನದ ವಸ್ತು, ಇಲ್ಲಾಂದ್ರೆ ಕೆಸರಲ್ಲಿ ಹೊರಳಾಡೋ ಗಾಡಿ. ಫರ್ಗೂಸನ್ ಕೇಳಿದ್ದು ಬೇರೆ ಪ್ರಶ್ನೆ: ಮಕ್ಕಳನ್ನ ಕೂರಿಸ್ಕೊಂಡು ಮಳೆಯಲ್ಲಿ ಹೋಗೋ ಸಾಮಾನ್ಯ ಮನುಷ್ಯನ ಕಾರಿಗೆ ಇದು ಯಾಕೆ ಬೇಡ?

ಅವರ ತಂಡದಲ್ಲಿ ಟೋನಿ ರೋಲ್ಟ್ ಅಂತ ಒಬ್ಬರಿದ್ರು. ಇವರದ್ದೇ ಒಂದು ಕಂತು ಮಾಡಬಹುದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೋಲ್ಡಿಟ್ಜ್ ಕೋಟೆಯಲ್ಲಿ ಸೆರೆ ಇದ್ದವರು, ಅಲ್ಲಿನ ಅಟ್ಟದಲ್ಲಿ ಕೈದಿಗಳು ಗುಟ್ಟಾಗಿ ಗ್ಲೈಡರ್ ಕಟ್ಟಿದ್ರಲ್ಲ, ಆ ಯೋಜನೆಯಲ್ಲಿ ಇದ್ದವರು. 1953ರಲ್ಲಿ ಡಂಕನ್ ಹ್ಯಾಮಿಲ್ಟನ್ ಜೊತೆ ಜಾಗ್ವಾರ್ ಓಡಿಸಿ ಲೆ ಮಾನ್ ರೇಸ್ ಗೆದ್ದವರು. ಇಷ್ಟೆಲ್ಲ ಮಾಡಿದ ಮನುಷ್ಯ ಆಮೇಲೆ ಫ್ಯಾಮಿಲಿ ಕಾರಿನ ಗೇರು ಹಲ್ಲು ಎಣಿಸ್ತಾ ಕೂತರು.

ಈ ತಂಡ ಕಟ್ಟಿದ ಮಾದರಿ ಕಾರು ‘ಆರ್5’. ಎಸ್ಟೇಟ್ ಬಾಡಿ, ಅಂದ್ರೆ ಹಿಂದೆ ಉದ್ದಕ್ಕೆ ಜಾಗ ಇರೋ ವ್ಯಾಗನ್. ಎದುರುಬದುರು ಮಲಗಿದ ನಾಲ್ಕು ಸಿಲಿಂಡರಿನ ಎಂಜಿನ್. ಸದಾಕಾಲ ನಾಲ್ಕು ಚಕ್ರಕ್ಕೂ ಶಕ್ತಿ. ಜೊತೆಗೆ ವಿಮಾನಗಳಲ್ಲಿ ಬಳಸ್ತಿದ್ದ ಡನ್‌ಲಪ್ ಮ್ಯಾಕ್ಸರೆಟ್ ಅನ್ನೋ ಸಾಧನ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು. ಈಗ ನಾವು ಎಬಿಎಸ್ ಅಂತೀವಲ್ಲ, ಅದರ ಯಾಂತ್ರಿಕ ಅಜ್ಜ.

ಈ ಕೊನೆಯ ಸಾಮಾನಿನ ಮೇಲೆ ಸ್ವಲ್ಪ ನಿಲ್ಲೋಣ. ನಾಲ್ಕು ಚಕ್ರದ ಶಕ್ತಿ ಕಾರನ್ನ ಹೊರಡಿಸುತ್ತೆ, ಏರಿಸುತ್ತೆ, ತಿರುವಿನಿಂದ ಆಚೆ ಎಳೆಯುತ್ತೆ. ನಿಲ್ಲಿಸೋದಿಲ್ಲ! ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತೆ. ಒದ್ದೆ ಘಾಟಿಯಲ್ಲಿ ಇಳೀವಾಗ ಆಲ್ ವೀಲ್ ಡ್ರೈವ್ ಕಾರೂ ಸಾದಾ ಕಾರೂ ಒಂದೇ ಥರ ಜಾರ್ತವೆ. ಮೊದಲನೆಯದು ಸ್ವಲ್ಪ ಭಾರ ಜಾಸ್ತಿ ಬೇರೆ. ಹತ್ತುವಾಗ ಸಿಕ್ಕ ಧೈರ್ಯ ಇಳಿಯುವಾಗ ಪ್ರಾಣಕ್ಕೆ ಬರುತ್ತೆ. ಫರ್ಗೂಸನ್‌ಗೆ ಇದು ಗೊತ್ತಿತ್ತು, ಅದಕ್ಕೇ ಎರಡನ್ನೂ ಒಟ್ಟಿಗೆ ಇಟ್ಟರು. ಆಮೇಲೆ ಬಂದ ಎಷ್ಟೋ ಜಾಹೀರಾತುಗಳು ಹತ್ತೋದನ್ನು ಮಾತ್ರ ತೋರಿಸಿದವು.

ಬ್ರಿಟನ್ನಿನ ಯಾವ ಕಾರು ಕಂಪನಿಯೂ ಆರ್5 ಅನ್ನು ತಯಾರಿಕೆಗೆ ತಗೊಳ್ಳಲಿಲ್ಲ. ಫರ್ಗೂಸನ್ 1960ರಲ್ಲಿ ತೀರಿಕೊಂಡರು. ತಂಡ ಮಾತ್ರ ಬಿಡಲಿಲ್ಲ. ತತ್ವ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ತೋರಿಸೋಕೆ ಒಂದು ರೇಸ್ ಕಾರನ್ನೇ ಕಟ್ಟಿದರು, ಪಿ99. 1961ರಲ್ಲಿ ಓಲ್ಟನ್ ಪಾರ್ಕ್‌ನ ಗೋಲ್ಡ್ ಕಪ್ ರೇಸನ್ನ ಸ್ಟರ್ಲಿಂಗ್ ಮಾಸ್ ಅದರಲ್ಲಿ ಗೆದ್ದರು. ಚಾಂಪಿಯನ್‌ಶಿಪ್‌ಗೆ ಸೇರದ ರೇಸ್ ಅದು, ಆದ್ರೂ ಫಾರ್ಮುಲಾ ಒನ್ ಕಾರುಗಳ ನಡುವೆ ನಾಲ್ಕು ಚಕ್ರದ ಕಾರು ಗೆದ್ದಿದ್ದು ಅದೊಂದೇ ಸಲ.

ಕೊನೆಗೆ 1966ರಲ್ಲಿ ಈ ತಂತ್ರ ಅಂಗಡಿಗೆ ಬಂತು, ಜೆನ್ಸನ್ ಎಫ್‌ಎಫ್ ಅನ್ನೋ ಕಾರಲ್ಲಿ. ಎಫ್‌ಎಫ್ ಅಂದ್ರೆ ಫರ್ಗೂಸನ್ ಫಾರ್ಮುಲಾ. ಆದ್ರೆ ಇದು ಫ್ಯಾಮಿಲಿ ಕಾರಲ್ಲ. 6.3 ಲೀಟರ್ ವಿ8 ಎಂಜಿನ್, ಎರಡೇ ಬಾಗಿಲು, ಶ್ರೀಮಂತರ ಬೆಲೆ. ಮೇಲಾಗಿ ಶಾಫ್ಟ್‌ಗಳ ಜೋಡಣೆ ಹೇಗಿತ್ತು ಅಂದ್ರೆ ಸ್ಟೀರಿಂಗ್ ಬಲಗಡೆ ಮಾತ್ರ ಇಡೋಕಾಗ್ತಿತ್ತು. ಅಂದ್ರೆ ಅಮೆರಿಕದಂಥ ದೊಡ್ಡ ಮಾರ್ಕೆಟ್ ಕೈತಪ್ಪಿತು. 1971ರವರೆಗೆ ತಯಾರಾದದ್ದು ಒಟ್ಟು 320 ಕಾರು. ಗೇಮ್‌ನಲ್ಲಿ ಹೀಗೆ ಮಾಡಿದ್ರೆ ಸುರಕ್ಷತೆಗೆ ಪೂರ್ತಿ ಅಂಕ, ಬಜೆಟ್‌ನಲ್ಲಿ ಸೊನ್ನೆ.

ಈಗ ಜಪಾನಿಗೆ ಬನ್ನಿ. ಉತ್ತರ ಭಾಗದ ತೊಹೊಕು ಪ್ರದೇಶ. ಚಳಿಗಾಲದಲ್ಲಿ ಆಳೆತ್ತರ ಹಿಮ. ತೊಹೊಕು ಎಲೆಕ್ಟ್ರಿಕ್ ಪವರ್ ಕಂಪನಿಯ ಲೈನ್‌ಮ್ಯಾನ್‌ಗಳು ಹಿಮದಲ್ಲೂ ಬೆಟ್ಟ ಹತ್ತಿ ವಿದ್ಯುತ್ ಲೈನ್ ನೋಡ್ಕೊಂಡು ಬರಬೇಕು. ಅವರ ಹತ್ರ ಜೀಪ್ ಥರದ ಗಾಡಿಗಳಿದ್ದವು. ಹಿಮದಲ್ಲಿ ಹೋಗ್ತವೆ ನಿಜ, ಆದ್ರೆ ಒಳಗೆ ಕೂತವರು ಚಳಿಗೆ ನಡುಗ್ತಾ, ಬೆನ್ನು ಮುರ್ಕೊಂಡು ಹೋಗಬೇಕು. ನಮ್ಮ ಮಲೆನಾಡಲ್ಲಿ ಜೂನ್-ಜುಲೈ ಮಳೆಯಲ್ಲಿ ಮುರಿದ ಕಂಬ ಹುಡುಕ್ಕೊಂಡು ಹೋಗೋ ಲೈನ್‌ಮ್ಯಾನ್‌ಗಳನ್ನ ನೋಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅವರು ಕೇಳಿದ್ದು ಇಷ್ಟೇ: ವರ್ಷಪೂರ್ತಿ ಆರಾಮಾಗಿ ಓಡಿಸಬಹುದಾದ, ಬೆಚ್ಚಗಿರೋ, ಹಿಮದಲ್ಲೂ ಹೋಗೋ ಒಂದು ವ್ಯಾನ್.

ಕೇಳಿದ್ದು ದೊಡ್ಡ ಲ್ಯಾಬಿಗೆ ಅಲ್ಲ. ಮಿಯಾಗಿ ಪ್ರಾಂತ್ಯದ ಸುಬಾರು ಡೀಲರ್‌ಗೆ. ಆ ಡೀಲರ್ ವರ್ಕ್‌ಶಾಪಿನವರು ಸುಬಾರುವಿನ ಮುಂದಿನ ಚಕ್ರದ ವ್ಯಾನೊಂದನ್ನ ತಗೊಂಡು, ನಿಸಾನ್ ಬ್ಲೂಬರ್ಡ್ ಕಾರಿನ ಹಿಂಬದಿ ಬಿಡಿಭಾಗ ಜೋಡಿಸಿ ಮಾದರಿ ಗಾಡಿ ತಯಾರಿಸಿದರು. ಎದುರಾಳಿ ಕಂಪನಿಯ ಸಾಮಾನು! ಗ್ಯಾರೇಜ್ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಇದು ಇಷ್ಟು ಸಲೀಸಾಗಿ ಆಗಿದ್ದಕ್ಕೆ ಕಾರಣ ಇದೆ. 1966ರ ಸುಬಾರು 1000 ಕಾರಿಂದಲೂ ಅವರ ಎಂಜಿನ್ ಮಲಗಿದ ನಾಲ್ಕು ಸಿಲಿಂಡರಿನದ್ದು. ಗಿಡ್ಡ, ಉದ್ದಕ್ಕೆ ಕೂತಿರುತ್ತೆ, ಅದರ ಹಿಂದೆ ನೇರಕ್ಕೆ ಗೇರ್‌ಬಾಕ್ಸ್. ಗೇರ್‌ಬಾಕ್ಸಿನ ಬಾಲಕ್ಕೆ ಒಂದು ಶಾಫ್ಟ್ ಸೇರಿಸಿ ಹಿಂದಕ್ಕೆ ಒಯ್ದರೆ ಆಯ್ತು. ಎಂಜಿನ್ ಅಡ್ಡ ಇದ್ದಿದ್ರೆ ಶಕ್ತಿಯನ್ನ 90 ಡಿಗ್ರಿ ತಿರುಗಿಸಿ ಹಿಂದಕ್ಕೆ ಕಳಿಸಬೇಕು, ಹೆಚ್ಚು ಗೇರು, ಹೆಚ್ಚು ತೂಕ, ಹೆಚ್ಚು ಖರ್ಚು. ಗೇಮ್ ಆಡೋರು ಇದನ್ನು ನೆನಪಿಟ್ಕೊಳ್ಳಿ, ಎಂಜಿನ್ ಕೂರಿಸೋ ಮೊದಲ ಕ್ಲಿಕ್‌ನಲ್ಲೇ ಅರ್ಧ ಸ್ಪರ್ಧೆ ಮುಗಿದಿರುತ್ತೆ.

ಫ್ಯೂಜಿ ಹೆವಿ ಇಂಡಸ್ಟ್ರೀಸ್, ಅಂದ್ರೆ ಸುಬಾರುವಿನ ತಾಯಿ ಕಂಪನಿ, ಇದನ್ನ ಕೈಗೆತ್ತಿಕೊಂಡು 1971ರ ಟೋಕಿಯೊ ಮೋಟಾರ್ ಶೋದಲ್ಲಿ ತೋರಿಸಿತು. 1972ರ ಸೆಪ್ಟೆಂಬರಿನಲ್ಲಿ ಲಿಯೋನ್ ಎಸ್ಟೇಟ್ ವ್ಯಾನ್ ಫೋರ್ ವೀಲ್ ಡ್ರೈವ್ ಮಾರಾಟಕ್ಕೆ ಬಂತು. ಸುಮಾರು 1.4 ಲೀಟರ್ ಎಂಜಿನ್, ಸಾಧಾರಣ ಮುಖ, ಒಳಗೊಂದು ಲಿವರ್. ಹಿಮ ಬಂದಾಗ ಎಳೆದ್ರೆ ಹಿಂದಿನ ಚಕ್ರಕ್ಕೂ ಶಕ್ತಿ, ಒಣ ರಸ್ತೆಯಲ್ಲಿ ಬಿಟ್ರೆ ಮಾಮೂಲಿ ಕಾರು. 1975ರಲ್ಲಿ ಸೆಡಾನ್‌ಗೂ ಇದೇ ವ್ಯವಸ್ಥೆ ಬಂತು. ಅಮೆರಿಕದ ಹಿಮದ ರಾಜ್ಯಗಳಲ್ಲಿ ರೈತರು, ಶಿಕ್ಷಕರು, ಸ್ಕೀಯಿಂಗ್ ಮಾಡೋರು ಕೊಂಡ್ಕೊಂಡರು. ಆರ್5 ಎಲ್ಲಿ ಸೋತಿತ್ತೋ ಅಲ್ಲಿ ಇದು ಗೆದ್ದಿತು. ತಾಂತ್ರಿಕವಾಗಿ ಇದು ಆರ್5ಗಿಂತ ಎಷ್ಟೋ ಹಿಂದೆ ಇತ್ತು ಅನ್ನೋದು ಬೇರೆ ಮಾತು.

ಯಾಕೆ ಹಿಂದೆ ಅಂತೀರಾ? ಆ ಲಿವರ್ ಇದೆಯಲ್ಲ, ಅದನ್ನ ಒಣ ಟಾರ್ ರಸ್ತೆಯಲ್ಲಿ ಎಳೆದು ತಿರುಗಿಸಿದ್ರೆ ಕಾರು ತಡವರಿಸುತ್ತೆ. ಸ್ಕೂಲಲ್ಲಿ ಆಗಸ್ಟ್ 15ರ ಮಾರ್ಚ್‌ಪಾಸ್ಟ್ ನೆನಪಿಸ್ಕೊಳ್ಳಿ. ಸಾಲು ತಿರುಗುವಾಗ ಒಳಗಿನ ಹುಡುಗ ನಿಂತಲ್ಲೇ ಹೆಜ್ಜೆ ಹಾಕ್ತಾನೆ, ಹೊರಗಿನವನು ಓಡಬೇಕು. ಕಾರಿನ ಚಕ್ರಗಳೂ ಹಾಗೇ, ತಿರುವಿನಲ್ಲಿ ಒಂದೊಂದೂ ಬೇರೆ ಬೇರೆ ದೂರ ಹೋಗುತ್ತೆ. ಎಡ-ಬಲದ ವ್ಯತ್ಯಾಸ ಸರಿದೂಗಿಸೋಕೆ ಡಿಫರೆನ್ಷಿಯಲ್ ಇರುತ್ತೆ. ಆದ್ರೆ ಮುಂದೆ-ಹಿಂದೆ ನಡುವೆಯೂ ವ್ಯತ್ಯಾಸ ಇದೆ. ಅಲ್ಲಿ ಗಟ್ಟಿಯಾಗಿ ಕಟ್ಟಿಹಾಕಿದ್ರೆ ಟೈರ್ ಕುಪ್ಪಳಿಸುತ್ತೆ. ಹಿಮದಲ್ಲಿ ಟೈರ್ ಜಾರಿ ಅಡ್ಜಸ್ಟ್ ಆಗುತ್ತೆ, ಟಾರ್ ಮೇಲೆ ಆಗೋದಿಲ್ಲ.

ಇದರ ಬಗ್ಗೆ ಆಡಿ ಕಂಪನಿಯಲ್ಲಿ ಒಂದು ಕಥೆ ಹೇಳ್ತಾರೆ. 1977ರ ಚಳಿಗಾಲದಲ್ಲಿ ಆಡಿ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಫಿನ್ಲೆಂಡಿನಲ್ಲಿ ಪರೀಕ್ಷೆ ಮಾಡ್ತಿದ್ರು. ಫೋಕ್ಸ್‌ವ್ಯಾಗನ್‌ನ ಇಲ್ಟಿಸ್ ಅನ್ನೋ ಮಿಲಿಟರಿ ಗಾಡಿ, ಬರೀ 75 ಅಶ್ವಶಕ್ತಿ, ಹಿಮದ ಮೇಲೆ ದೊಡ್ಡ ಎಂಜಿನಿನ ಆಡಿಗಳನ್ನ ಹಿಂದೆ ಹಾಕ್ತಿತ್ತು. ಇದನ್ನ ಕಾರಿಗೆ ಹಾಕಿದ್ರೆ ಹೇಗೆ ಅಂತ ಅವರು ಮುಖ್ಯಸ್ಥ ಫರ್ಡಿನಾಂಡ್ ಪಿಯೆಕ್‌ಗೆ ಹೇಳಿದರು. 1978ರ ಜನವರಿಯಲ್ಲಿ ಮಾದರಿ ಕಾರು ಆಸ್ಟ್ರಿಯಾದ ತುರಾಕರ್ ಹೋಹೆ ಘಾಟಿಯನ್ನ ಹಿಮದಲ್ಲಿ ಬೇಸಿಗೆ ಟೈರ್ ಹಾಕ್ಕೊಂಡೇ ಹತ್ತಿತು. ಎಲ್ಲರಿಗೂ ಖುಷಿ. ಆಮೇಲೆ ಪಿಯೆಕ್ ಅವರ ಹೆಂಡತಿ ಆ ಕಾರನ್ನ ವಿಯೆನ್ನಾದಲ್ಲಿ ಓಡಿಸಿ, ಪಾರ್ಕ್ ಮಾಡುವಾಗ ಇದು ಕುಪ್ಪಳಿಸುತ್ತಲ್ಲ ಅಂದ್ರಂತೆ. ಅಷ್ಟೂ ಜನ ಎಂಜಿನಿಯರ್‌ಗಳು ಘಾಟಿ ನೋಡ್ತಿದ್ರು, ಇವರು ಪಾರ್ಕಿಂಗ್ ನೋಡಿದರು. ಫ್ಯಾಮಿಲಿ ಕಾರಿನ ಬದುಕು ನಡೆಯೋದು ಎಲ್ಲಿ ಹೇಳಿ?

ಮಧ್ಯದಲ್ಲೊಂದು ಡಿಫರೆನ್ಷಿಯಲ್ ಬೇಕೇ ಬೇಕಾಯ್ತು. ಅದಕ್ಕೆ ಆಡಿಯವರು ಕಂಡುಕೊಂಡ ಉಪಾಯ ಸೊಗಸಾದದ್ದು. ಗೇರ್‌ಬಾಕ್ಸಿನ ಒಂದು ಶಾಫ್ಟನ್ನೇ ಕೊಳವೆ ಥರ ಟೊಳ್ಳು ಮಾಡಿದರು. ಶಕ್ತಿ ಕೊಳವೆಯಿಂದ ಮಧ್ಯದ ಡಿಫರೆನ್ಷಿಯಲ್‌ಗೆ ಹೋಗುತ್ತೆ, ಅಲ್ಲಿಂದ ಒಂದು ಪಾಲು ಹಿಂದಿನ ಚಕ್ರಕ್ಕೆ, ಇನ್ನೊಂದು ಪಾಲು ಕೊಳವೆಯ ಒಳಗಿನ ಶಾಫ್ಟ್ ಮೂಲಕ ಮುಂದಕ್ಕೆ ವಾಪಸ್. ಬೇರೆ ದೊಡ್ಡ ಪೆಟ್ಟಿಗೆ ಬೇಡ, ತೂಕವೂ ಕಡಿಮೆ. 1980ರ ಜಿನೀವಾ ಶೋದಲ್ಲಿ ಬಂದ ಕ್ವಾಟ್ರೊ ಎರಡು ಬಾಗಿಲಿನ ವೇಗದ ಕಾರು, ರ‍್ಯಾಲಿಗಳ ಹೀರೋ. ನಮ್ಮ ವಿಷಯಕ್ಕೆ ಮುಖ್ಯ ಅದಲ್ಲ. 1982ರಲ್ಲಿ ಇದೇ ತಂತ್ರ ಆಡಿ 80 ಅನ್ನೋ ನಾಲ್ಕು ಬಾಗಿಲಿನ ಸಾದಾ ಸೆಡಾನ್‌ಗೆ ಬಂತಲ್ಲ, ಅದು ಮುಖ್ಯ.

ಆದ್ರೆ ಆಡಿಗಿಂತ ಸ್ವಲ್ಪ ಮುಂಚೆಯೇ ಅಮೆರಿಕದಲ್ಲಿ ಒಂದು ಬಡ ಕಂಪನಿ ಇದನ್ನ ಮಾಡಿ ಮುಗಿಸಿತ್ತು. ಅಮೆರಿಕನ್ ಮೋಟಾರ್ಸ್, ಎಎಂಸಿ. ಜೀಪ್ ಬ್ರ್ಯಾಂಡ್ ಆಗ ಅವರದ್ದೇ. ಹೊಸ ಕಾರು ಕಟ್ಟೋಕೆ ದುಡ್ಡಿಲ್ಲ. ಮನೇಲಿದ್ದ ಹಳೇ ಕಾಂಕಾರ್ಡ್ ಬಾಡಿಯನ್ನ ನೆಲದಿಂದ ಎತ್ತರಿಸಿ, ಕೆಳಗೆ ನಾಲ್ಕು ಚಕ್ರದ ವ್ಯವಸ್ಥೆ ತೂರಿಸಿ, 1980ರ ಮಾಡೆಲ್ ಆಗಿ ‘ಈಗಲ್’ ಅಂತ ಬಿಟ್ಟರು. ಸೆಡಾನ್, ವ್ಯಾಗನ್ ಎರಡೂ. ಲಿವರ್ ಎಳೆಯೋದಿಲ್ಲ, ಸದಾ ನಾಲ್ಕು ಚಕ್ರ.

ಮುಂದೆ-ಹಿಂದೆ ವ್ಯತ್ಯಾಸ ಹೇಗೆ ಸರಿ ಮಾಡಿದರು? ವಿಸ್ಕಸ್ ಕಪ್ಲಿಂಗ್. ಒಂದು ಡಬ್ಬಿ, ಒಳಗೆ ಒತ್ತೊತ್ತಾಗಿ ತಟ್ಟೆಗಳು, ನಡುವೆ ದಪ್ಪನೆ ಸಿಲಿಕೋನ್ ದ್ರವ. ಜೋನಿಬೆಲ್ಲದಲ್ಲಿ ಚಮಚ ಆಡಿಸಿ ನೋಡಿ, ನಿಧಾನಕ್ಕೆ ತಿರುಗಿಸಿದ್ರೆ ಬಿಡುತ್ತೆ, ಜೋರಾಗಿ ತಿರುಗಿಸಿದ್ರೆ ಹಿಡ್ಕೊಳ್ಳುತ್ತೆ. ತಿರುವಿನ ಸಣ್ಣ ವ್ಯತ್ಯಾಸಕ್ಕೆ ದ್ರವ ದಾರಿ ಕೊಡುತ್ತೆ, ಒಂದು ಕಡೆ ಚಕ್ರ ಜಾರಿ ಗಿರಗಿರ ಸುತ್ತಿದ್ರೆ ಹಿಡಿದು ಶಕ್ತಿಯನ್ನ ಇನ್ನೊಂದು ಕಡೆಗೆ ದಾಟಿಸುತ್ತೆ. ಡ್ರೈವರ್ ಏನೂ ಮಾಡಬೇಕಿಲ್ಲ. ಈ ಡಬ್ಬಿ ಎಲ್ಲಿಂದ ಬಂತು ಗೊತ್ತಾ? ಇಂಗ್ಲೆಂಡಿನ ಎಫ್‌ಎಫ್ ಡೆವಲಪ್‌ಮೆಂಟ್ಸ್‌ನಿಂದ. ಅದನ್ನ 1971ರಲ್ಲಿ ಸ್ಥಾಪಿಸಿದ್ದು ಅದೇ ಟೋನಿ ರೋಲ್ಟ್. ಫರ್ಗೂಸನ್ ಕೇಳಿದ ಪ್ರಶ್ನೆ, ಅವರು ಸತ್ತು ಸುಮಾರು ಇಪ್ಪತ್ತು ವರ್ಷ ಆದ್ಮೇಲೆ, ಅಟ್ಲಾಂಟಿಕ್ ದಾಟಿ ಒಂದು ಹಳೇ ಬಾಡಿಯ ವ್ಯಾಗನ್‌ನಲ್ಲಿ ಉತ್ತರ ಕಂಡುಕೊಂಡಿತ್ತು.

ಸುಮಾರು 2 ಲಕ್ಷ ಈಗಲ್‌ಗಳು ತಯಾರಾದವು. 1987ರಲ್ಲಿ ಕ್ರೈಸ್ಲರ್ ಎಎಂಸಿಯನ್ನ ಕೊಂಡ ಮೇಲೆ ನಿಂತುಹೋಯ್ತು. ಎತ್ತರಿಸಿದ ಕಾರು, ಒರಟು ಅಂಚು, ನಾಲ್ಕು ಚಕ್ರ. ಇವತ್ತು ರಸ್ತೆ ತುಂಬಾ ಓಡಾಡೋ ಕ್ರಾಸ್‌ಓವರ್‌ಗಳ ಮುಖ ಅದರಲ್ಲೇ ಇದೆ. ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಆಮೇಲಿನದ್ದನ್ನ ಬೇಗ ಹೇಳಿಬಿಡ್ತೀನಿ. 1983ರಲ್ಲಿ ಫಿಯಟ್ ಪಾಂಡಾ, ಅಡ್ಡ ಎಂಜಿನಿನ ಪುಟ್ಟ ಕಾರಲ್ಲೂ ಇದು ಸಾಧ್ಯ ಅಂತ ತೋರಿಸಿತು. ತೊಂಬತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಕ್ಲಚ್‌ಗಳು ಬಂದು ಬೇಕಾದಾಗ ಮಾತ್ರ ಹಿಂದಿನ ಚಕ್ರ ಸೇರಿಸೋಕೆ ಶುರು ಮಾಡಿದವು. ಈಗಿನ ಎಲೆಕ್ಟ್ರಿಕ್ ಕಾರಲ್ಲಿ ಮುಂದೊಂದು ಹಿಂದೊಂದು ಮೋಟಾರ್ ಇಟ್ರೆ ಶಾಫ್ಟೇ ಬೇಡ.

ನಮ್ಮ ಹತ್ತಿರದ ಬಿಡದಿಯಲ್ಲೂ ಈ ಪರೀಕ್ಷೆ ನಡೆದಿದೆ. 2022ರಲ್ಲಿ ಟೊಯೊಟಾ ಕಾರ್ಖಾನೆಯಿಂದ ಹೊರಟ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್‌ಗಳಲ್ಲಿ ಆಲ್ ವೀಲ್ ಡ್ರೈವ್ ಆಯ್ಕೆ ಇತ್ತು. ಆದ್ರೆ ಆಗ ಅದು ಬಂದಿದ್ದು ಮ್ಯಾನುಯಲ್ ಗೇರಿನ ಜೊತೆ ಮಾತ್ರ. ಆಟೋಮ್ಯಾಟಿಕ್ ಬೇಕು ಅಂದ್ರೆ ನಾಲ್ಕು ಚಕ್ರ ಬಿಡಬೇಕಿತ್ತು, ಹೈಬ್ರಿಡ್ ಮೈಲೇಜ್ ಬೇಕು ಅಂದ್ರೂ ಬಿಡಬೇಕಿತ್ತು. ಸಕಲೇಶಪುರದ ತೋಟಕ್ಕೆ ವಾರಕ್ಕೊಮ್ಮೆ ಹೋಗೋರು ಒಂದು ತಗೊಳ್ತಾರೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ನಿಲ್ಲೋರು ಇನ್ನೊಂದು.

ಗೇಮ್ ಆಡೋರಿಗೆ ಒಂದು ಕೆಲಸ ಕೊಡ್ತೀನಿ. ವರ್ಷ 1972, ಐದು ಸೀಟು, ಲೈನ್‌ಮ್ಯಾನ್‌ನ ಏಣಿ-ಹಗ್ಗ ಹಿಡಿಯೋ ಡಿಕ್ಕಿ, ಹೀಟರ್ ಕಡ್ಡಾಯ. ಕಾರು ಕಟ್ಟಿ, ಸ್ಕ್ರೀನ್‌ಶಾಟ್ ಕಳಿಸಿ. ಬ್ರೇಕ್‌ಗೆ ಎಷ್ಟು ದುಡ್ಡು ಇಟ್ಟಿದ್ದೀರಿ ಅಂತ ಮೊದಲು ನೋಡ್ತೀನಿ.