ನಮ್ಮ ಕೈಗೂ ಒಂದು ಪ್ರತಿ

ಶ್ರೀರಂಗಪಟ್ಟಣದ 1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಗ ಕೃಷ್ಣಗಿರಿ ಕಡೆಗೆ ಬಂದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ತನ್ನ ಜೊತೆಗೆ ಮೂವರನ್ನು ಇಟ್ಟುಕೊಂಡಿದ್ದ: ಮನ್ರೋ, ಗ್ರಹಾಂ, ಮೆಕ್ಲಿಯಡ್. ಏಳು ವರ್ಷ ಅವರು ಅಲ್ಲಿನ ಹೊಲ ಅಳೆದರು, ಮಣ್ಣು ನೋಡಿದರು, ಯಾರದು ಎಷ್ಟು ಎಂದು ಬರೆದುಕೊಂಡರು. ಹೊಸೂರು, ದೆಂಕಣಿಕೋಟೆ ಕಡೆಯ ನಾವು ಕಂಪನಿಯ ಕೈಗೆ ಸಿಕ್ಕಿದ್ದು ಟಿಪ್ಪು ಬಿದ್ದ ಮೇಲೆ, 1799ರಲ್ಲಿ. ರೈತವಾರಿ ಪದ್ಧತಿ ಹುಟ್ಟಿದ್ದು ಇದೇ ನೆಲದಲ್ಲಿ ಎಂದು ಶಾಲೆಯಲ್ಲಿ ಪಾಠ ಹೇಳುವಾಗ ನನಗೆ ಹೆಮ್ಮೆಯಿತ್ತು. ಈಗ ಅದನ್ನು ಇನ್ನೊಂದು ಕಣ್ಣಿನಿಂದಲೂ ನೋಡುತ್ತೇನೆ. ಊರಿಗೆ ಒಟ್ಟಾಗಿ ಕಂದಾಯ ಕಟ್ಟುವುದು ಬೇರೆ, ಒಬ್ಬೊಬ್ಬ ರೈತನ ಹೆಸರನ್ನೂ ಹಿಡಿದು ಲೆಕ್ಕ ಇಡುವುದು ಬೇರೆ. ಆ ಅಧಿಕಾರಿಗಳು ಹೊಲದ ಲೆಕ್ಕಕ್ಕೇ ನಿಲ್ಲಲಿಲ್ಲ. ಯಾವ ಜಾತಿಯವರ ಆಚಾರ ಏನು ಎಂಬುದನ್ನೂ ಬರೆಸಿಕೊಂಡರು. ಮದರಾಸು ಸರಕಾರ 1907ರಲ್ಲಿ ಅಚ್ಚು ಹಾಕಿಸಿದ ಬಾರಾಮಹಲ್ ದಾಖಲೆಗಳ ಒಂದು ಭಾಗಕ್ಕೆ ‘ನಿವಾಸಿಗಳು’ ಎಂದೇ ಹೆಸರು.

ಆದರೆ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಬರೆದುಕೊಂಡದ್ದರಲ್ಲಿ ರೈತನ ಕೈಗೂ ಒಂದು ಕಾಗದ ಕೊಟ್ಟರು. ಅದೇ ಪಟ್ಟಾ. ಸರಕಾರ ತನ್ನ ಬಗ್ಗೆ ಏನು ಬರೆದುಕೊಂಡಿದೆ ಎಂಬುದಕ್ಕೆ ಅವನ ಬಳಿಯೂ ಗುರುತು ಇರಲಿ ಎಂಬ ಕಾಗದ ಅದು.

ನಮ್ಮಪ್ಪ ತಳಿ ಸೀಮೆಯ ಒಂದು ಹಳ್ಳಿಯ ಕೊನೆಯ ಶ್ಯಾನುಭೋಗರು. ಪಡಸಾಲೆಯ ಮೂಲೆಯಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು: ಅಡಂಗಲ್, ಚಿಟ್ಟಾ, ವಸೂಲಿಯ ಪುಸ್ತಕ. ನಮ್ಮ ಮನೆಮಾತು ಕನ್ನಡ, ಲೆಕ್ಕವೆಲ್ಲ ತಮಿಳಿನಲ್ಲಿ. ಮಳೆ ಹಿಡಿದ ದಿನಗಳಲ್ಲಿ ಅಮ್ಮ ಆ ಗಂಟುಗಳ ನಡುವೆ ಬೇವಿನ ಸೊಪ್ಪು ಇಡುತ್ತಿದ್ದಳು. “ಸ್ವಾಮೇರೇ, ನನ್ನ ಹೆಸರು ಸರಿಯಾಗೈತಾ ಒಸಿ ನೋಡಿ” ಎಂದು ಯಾರಾದರೂ ಬಂದರೆ ಅಪ್ಪ ಗಂಟು ಬಿಚ್ಚಿ, ಪುಸ್ತಕವನ್ನು ಬಂದವರ ಕಡೆಗೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತಿದ್ದರು. ಬಂದವರಿಗೆ ಓದು ಬಾರದು. ಆದರೂ ಬಗ್ಗಿ ನೋಡುತ್ತಿದ್ದರು, ನೋಡಿ ತಲೆಯಾಡಿಸುತ್ತಿದ್ದರು. ಹೆಣ್ಣು ಕೊಡುವವರು ಬಂದು ಗಂಡಿನ ಮನೆಯ ಜಮೀನು ಎಲ್ಲಾದರೂ ಆಧಾರಕ್ಕೆ ಹೋಗಿದೆಯೇ ಎಂದು ಮೆಲ್ಲಗೆ ಕೇಳಿದರೆ, “ಅವರನ್ನೇ ಕೇಳಿ” ಎಂದು ಹೇಳಿ ಅಪ್ಪ ಗಂಟು ಕಟ್ಟಿಬಿಡುತ್ತಿದ್ದರು.

ಹಾಗೆಂದು ಆ ಕಾಲ ಚೆನ್ನಾಗಿತ್ತು ಎನ್ನಲಾರೆ. ಪುಸ್ತಕ ಯಾರ ಮನೆಯ ಪೆಟ್ಟಿಗೆಯಲ್ಲಿತ್ತೋ ಊರು ಅವರ ಮುಷ್ಟಿಯಲ್ಲಿತ್ತು. ಅಪ್ಪನಂಥವರು ಬಾಯಿ ಬಿಗಿಹಿಡಿದದ್ದು ಅವರವರ ಸ್ವಭಾವ. ಹಿಡಿಯದವರನ್ನು ತಡೆಯುವವರು ಯಾರೂ ಇರಲಿಲ್ಲ. ಹೀಗಾಗಿ 1980ರ ನವೆಂಬರ್‌ನಲ್ಲಿ ಎಂ.ಜಿ.ಆರ್. ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಕರಣಂ (ಶ್ಯಾನುಭೋಗ), ಮುನ್ಸೀಫ್ ಹುದ್ದೆಗಳನ್ನು ಒಂದೇ ಏಟಿಗೆ ತೆಗೆದುಹಾಕಿದಾಗ ಮನೆಯಲ್ಲಿ ದುಃಖವಾದರೂ ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಸುಪ್ರೀಂ ಕೋರ್ಟ್ ಕೂಡ 1982ರಲ್ಲಿ ಅದನ್ನು ಎತ್ತಿಹಿಡಿಯಿತು. ಅಪ್ಪ ಗಂಟುಗಳನ್ನು ಗಾಡಿಯಲ್ಲಿ ಹಾಕಿಸಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಒಪ್ಪಿಸಿ, ರಶೀದಿ ತಂದರು.

ಸಾಲದ ಪುಸ್ತಕದ ಕತೆ ಇದಕ್ಕಿಂತ ಕಷ್ಟದ್ದು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ತಂದೆ ಆ ಊರಿನ ಮುನ್ಸೀಫರು. ಹಳ್ಳಿಯ ಲೆಕ್ಕ, ಹಳ್ಳಿಯ ಸಾಲ ಎರಡನ್ನೂ ಹತ್ತಿರದಿಂದ ಕಂಡ ಮನೆ ಅದು. ಅವರು ಮದರಾಸಿನ ಪ್ರಧಾನಿಯಾಗಿದ್ದಾಗ ಬಂದ 1938ರ ರೈತರ ಋಣಪರಿಹಾರ ಕಾಯಿದೆ, ಹಳೆಯ ಸಾಲಗಳ ಮೇಲೆ 1937ರ ಅಕ್ಟೋಬರ್ 1ರವರೆಗೆ ಬಾಕಿ ನಿಂತಿದ್ದ ಬಡ್ಡಿಯನ್ನು ಹೊಡೆದುಹಾಕಿತು. 1943ರಲ್ಲಿ ಗಿರವಿ ಅಂಗಡಿಯವರ ಕಾಯಿದೆ ಬಂತು: ಒತ್ತೆಯ ಪುಸ್ತಕ ಇಡಬೇಕು, ಒತ್ತೆ ಇಟ್ಟವರಿಗೆ ಚೀಟಿ ಕೊಡಬೇಕು. ಆ ಚೀಟಿಯನ್ನು ನಮ್ಮ ಕಡೆಯ ಹೆಂಗಸರು ಎಷ್ಟು ಜೋಪಾನ ಮಾಡುತ್ತಿದ್ದರು! ತೆಳು ಕಾಗದ, ಮೇಲೆ ನಂಬರು, ಒಡವೆಯ ಹೆಸರು, ತೂಕ, ಕೊಟ್ಟ ಹಣ. ಅದನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟುಕೊಂಡು, ಗಂಡನಿಗೂ ಹೇಳದೆ, ರಾಗಿ ಮಾರಿದ ದುಡ್ಡಿನಲ್ಲಿ ಓಲೆ ಬಿಡಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಸಾಲ ಎಷ್ಟು ಎಂಬುದು ಅಂಗಡಿಯವನಿಗೆ ಗೊತ್ತು, ಅವಳಿಗೆ ಗೊತ್ತು. ಮೂರನೆಯವರಿಗೆ ಅದು ಬೇಡದ ವಿಷಯ.

ಎಲ್ಲ ಲೆಕ್ಕವೂ ಬೇಡದ್ದೆಂದು ಗಡಿಯ ಕನ್ನಡಿಗರಾದ ನಾವು ಹೇಳುವ ಹಾಗಿಲ್ಲ. ಗಣತಿಯವರು ಮಾತೃಭಾಷೆ ಕೇಳಿದಾಗ ಕನ್ನಡ ಎಂದೇ ಬರೆಸಿ ಎಂದು ನಾನು ಮನೆಮನೆಗೂ ಹೇಳಿ ಬಂದವಳು. ಆ ಸಂಖ್ಯೆ ಇಲ್ಲದಿದ್ದರೆ ಕನ್ನಡ ಶಾಲೆಗೆ ಮೇಷ್ಟರು ಬೇಕು ಎಂದು ಕೇಳಲು ನಮ್ಮ ಬಳಿ ಏನಿದೆ? ಆದರೆ ಅದೇ 1948ರ ಗಣತಿ ಕಾಯಿದೆಯ 15ನೆಯ ವಿಧಿ, ಒಂದು ಮನೆಯವರು ಕೊಟ್ಟ ಉತ್ತರವನ್ನು ಬೇರೆ ಯಾರೂ ತೆಗೆದು ನೋಡುವಂತಿಲ್ಲ ಎನ್ನುತ್ತದೆ. ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಅದು ಸಾಮಾನ್ಯವಾಗಿ ನಡೆಯದು. ಲೆಕ್ಕಕ್ಕೆ ಸಿಗಬೇಕು, ಬಯಲಿಗೆ ಬೀಳಬಾರದು. ನಾವು ಕೇಳುವುದು ಇಷ್ಟನ್ನೇ.

ನಮ್ಮ ಬೀದಿಯ ಹುಡುಗಿಯೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾಳೆ. ತಮ್ಮನ ಫೀಸಿಗೆಂದು ಮೊಬೈಲಿನ ಸಾಲದ ಆ್ಯಪ್ ಒಂದರಲ್ಲಿ ಹಣ ಪಡೆದಳು. ಕಂತು ನಾಲ್ಕು ದಿನ ತಡವಾಯಿತು. ಅವಳ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಅವಳ ಫೋಟೋ ಹಾಕಿ, ಇವಳು ಮೋಸಗಾತಿ ಎಂಬ ಸಂದೇಶ ಹೋಯಿತು. ನನಗೂ ಬಂತು, ತಮಿಳಿನಲ್ಲಿ. ಸಂಜೆ ಅವಳು ಬಾಗಿಲಲ್ಲಿ ನಿಂತು, “ಟೀಚರಮ್ಮ, ನಿಮಗೂ ಬಂತಾ?” ಎಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಗಿರವಿ ಅಂಗಡಿಯ ಪುಸ್ತಕ ಊರ ಮುಂದೆ ಹೀಗೆ ಬಿಚ್ಚಿಕೊಂಡದ್ದನ್ನು ನಾನು ಕಾಣೆ. ಆ್ಯಪ್ ಹಾಕಿಕೊಳ್ಳುವಾಗ ‘ಒಪ್ಪಿಗೆ’ ಎಂದು ಒತ್ತಿದ್ದಳಂತೆ. ಯಾವುದಕ್ಕೆ ಒಪ್ಪಿಗೆ ಎಂಬುದು ಇಂಗ್ಲಿಷಿನಲ್ಲಿತ್ತು. ಸಾಲದ ಆ್ಯಪ್‌ಗಳು ಫೋನಿನ ನಂಬರುಗಳ ಪಟ್ಟಿಗೆ, ಕರೆಗಳ ಪಟ್ಟಿಗೆ ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಬ್ಯಾಂಕಿನ ಲೆಕ್ಕಕ್ಕೇ ಸಿಗದ ಕಳ್ಳ ಆ್ಯಪ್‌ಗಳಿಗೆ ಅದು ಎಲ್ಲಿ ತಟ್ಟುತ್ತದೆ?

ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸ್ಥಾಪಿಸಿದ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ಆ ವಯಸ್ಸಿನಲ್ಲಿ ಮನೆಯಲ್ಲಿ ಸುಮ್ಮನಿರಬಹುದಾಗಿದ್ದ ಹಿರಿಯರೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ನಮಗೆಲ್ಲ ಈ ಹಕ್ಕು ಗಟ್ಟಿಯಾಯಿತು. 2024ರಲ್ಲಿ ಅವರು ತೀರಿಕೊಂಡರು.

ಆ ತೀರ್ಪು ಬಂದು ಆರು ವರ್ಷ ಕಳೆದು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ 6ನೆಯ ವಿಧಿಯ ಕೆಳಗೆ ಒಂದು ಉದಾಹರಣೆಯಿದೆ. ಫೋನಿನಲ್ಲೇ ವೈದ್ಯರನ್ನು ಕಾಣುವ ಆ್ಯಪ್ ಒಂದನ್ನು ಒಬ್ಬಾಕೆ ಹಾಕಿಕೊಳ್ಳುತ್ತಾಳೆ. ಅದು ಚಿಕಿತ್ಸೆಯ ಜೊತೆಗೆ ಅವಳ ಫೋನಿನ ನಂಬರುಗಳ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ಆಕೆ ಎರಡಕ್ಕೂ ಒಪ್ಪುತ್ತಾಳೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಚಿಕಿತ್ಸೆಗಷ್ಟೇ ಸಲ್ಲುತ್ತದೆ ಎನ್ನುತ್ತದೆ ಕಾಯಿದೆ. ನಮ್ಮ ಬೀದಿಯ ಹುಡುಗಿಯನ್ನು ಕಣ್ಣೆದುರು ಇಟ್ಟುಕೊಂಡೇ ಬರೆದರೇನೋ ಎನ್ನುವಂತಿದೆ ಅದು.

ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಮಾತು. ಒಪ್ಪಿಗೆ ಕೇಳುವ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಜನರಿಗೆ ಕೊಡಬೇಕು. ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯದಲ್ಲಿದ್ದೀರಿ ಎಂದು ಕಾಯಿದೆ ಕೇಳುವುದಿಲ್ಲ. ತಮಿಳುನಾಡಿನೊಳಗಿರುವ ತಳಿ, ಅಂಚೆಟ್ಟಿ, ಬಾಗಲೂರಿನ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಅಪ್ಪ ಬೆರಳಿಟ್ಟು ತೋರಿಸಿದ ಸಾಲನ್ನು ಓದಲಾರದೆ ತಲೆಯಾಡಿಸಿದವರ ಮೊಮ್ಮಕ್ಕಳು ಇದನ್ನು ಓದಬಲ್ಲರು.

ಕಾಯಿದೆಯಲ್ಲಿ ನನಗೆ ಒಪ್ಪದ್ದೂ ಇದೆ. ಸರಕಾರ ತಾನೇ ಗೊತ್ತುಪಡಿಸಿದ ತನ್ನ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗೆ ಇದರಿಂದ ಹೊರಗಿಡಬಹುದು. ಎಲ್ಲಕ್ಕಿಂತ ದೊಡ್ಡ ಪುಸ್ತಕ ಇರುವುದು ಸರಕಾರದ ಬಳಿಯೇ. ಬಾರಾಮಹಲಿನ ಕಾಲದಿಂದ ಅದು ನಮಗೆ ಗೊತ್ತು. ಅಂಗಡಿಯವನಿಗೆ 250 ಕೋಟಿ ರೂಪಾಯಿವರೆಗೆ ದಂಡದ ಭಯ ಇಟ್ಟು ದೊಡ್ಡ ಪುಸ್ತಕದವರಿಗೆ ಬಾಗಿಲು ತೆರೆದಿಡುವುದು ಸರಿಯಲ್ಲ.

ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ, ತಿಳಿವಳಿಕೆಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ 18 ತಿಂಗಳ ಗಡುವು ಸಿಕ್ಕಿದೆ, ಅಂದರೆ 2027ರ ಮೇ ತಿಂಗಳವರೆಗೆ. ಅಲ್ಲಿಯವರೆಗೆ ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳಿದರೆ ಏಕೆ ಎಂದು ಕೇಳಿ, ಕೊಡುವುದಿಲ್ಲ ಎನ್ನಿ. ನಂಬರ್ ಕೊಡಲೇಬೇಕೆಂದು ಅಂಗಡಿಗಳು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ತಿಳಿಸಿದೆ. ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಇದನ್ನು ಭಾನುವಾರ ಭಾನುವಾರ ಕೂರಿಸಿಕೊಂಡು ಹೇಳುತ್ತಿದ್ದೇನೆ. ಆ ಹುಡುಗಿಯೂ ಈಗ ಒಳಗೆ ಬಂದು ಕೂರುತ್ತಾಳೆ.