ಮಿಲಿ ಅಂದ್ರೆ ಯಾವ ಮಿಲಿ?

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ನಮ್ಮ ಕಂಟೋನ್ಮೆಂಟ್‌ಗೆ ದಂಡು ಬಂತು. ಇಂಗ್ಲಿಷರ ಮದ್ದಿನ ತೂಕ ಗ್ರೇನು, ಔನ್ಸು; ನಮ್ಮೋರದು ತೊಲ, ಸೇರು. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂತು. ಲೆಕ್ಕ ಹಗುರಾಯ್ತು, ಜೊತೆಗೆ ಹೊಸ ಗೊಂದಲ: ಮಿಲಿಗ್ರಾಂ, ಮಿಲಿಲೀಟರ್ ಎರಡಕ್ಕೂ ನಾವು "ಮಿಲಿ" ಅಂತೀವಿ.

1981ರಲ್ಲಿ ದನ-ಕುರಿಗೆ ಬಂದ ಐವರ್‌ಮೆಕ್ಟಿನ್ನೇ ನೋಡ್ರಿ. ಕುರಿಗೆ ಕಿಲೋಗೆ 0.2 ಮಿಲಿಗ್ರಾಂ. 30 ಕಿಲೋ ಬಳ್ಳಾರಿ ಕುರಿಗೆ 6 ಮಿಲಿಗ್ರಾಂ. ಶೇಕಡಾ 1ರ ಇಂಜೆಕ್ಷನ್‌ನಲ್ಲಿ ಮಿಲಿಲೀಟರ್‌ಗೆ 10 ಮಿಲಿಗ್ರಾಂ ಮದ್ದು ಇರ್ತದೆ. ಅಂದ್ರೆ ಕೊಡೋದು 0.6 ಮಿಲಿಲೀಟರ್ ಮಾತ್ರ. "ಆರು ಮಿಲಿ" ಅಂತ ಕೇಳಿ 6 ಮಿಲಿಲೀಟರ್ ಏರಿಸಿದ್ರೆ ಹತ್ತು ಪಟ್ಟಾಯ್ತು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಈ ಗುಣಾಕಾರ, ಭಾಗಾಕಾರ ಫೋನೇ ಮಾಡ್ತದೆ. ಡಾಕ್ಟ್ರಿಗೂ ಹೊತ್ತು ಉಳಿತದೆ. ಆದ್ರೆ ನಾವು ಕಣ್ಣಂದಾಜಿನ ತೂಕ ಕೊಟ್ರೆ ಅದು ಅಂದಾಜಿಗೇ ಲೆಕ್ಕ ಹಾಕ್ತದೆ. ನನ್ನ ಮಾತು ಇಷ್ಟೇ: ಕುರಿ ತೂಗ್ರಿ, ಬಾಟ್ಲಿ ಮೇಲಿನ ಶೇಕಡಾ ಓದ್ರಿ, ಉತ್ತರದಾಗೆ ಮಿಲಿ ಮುಂದೆ ಗ್ರಾಂ ಐತೋ ಲೀಟರ್ ಐತೋ ನೋಡ್ರಿ. ಸಿರಿಂಜ್ ತುಂಬೋ ಮುಂಚೆ ಪಶುವೈದ್ಯರನ್ನ ಒಂದು ಮಾತು ಕೇಳ್ರಿ.