ನಾರಂಗದ ಕಹಿ

ಚಕ್ಕೋತದ ತೊಳೆ ಬಿಡಿಸುವಾಗ ಅದರ ಬಿಳಿ ಪೊರೆ ನಾಲಗೆಗೆ ತಾಗಿದರೆ ಮುಖ ಹಿಂಡುತ್ತದಲ್ಲ, ಆ ಕಹಿಯ ಹೆಸರು ನರಿಂಜಿನ್. 1857ರಲ್ಲಿ ಡಿ ವ್ರೈ ಎಂಬಾತ ಜಾವಾದಲ್ಲಿ, ಚಕ್ಕೋತದ ಜಾತಿಯ ಮರದ ಹೂಗಳಲ್ಲಿ ಇದನ್ನು ಕಂಡುಕೊಂಡ. ಹೆಸರು ಬಂದದ್ದು ಸಂಸ್ಕೃತದ ‘ನಾರಂಗ’ದಿಂದ.

ನಾರಂಗವಾದರೂ ಸಂಸ್ಕೃತಕ್ಕೆ ತೆಂಕಣದಿಂದ ಹೋದ ಪದವೆಂದೇ ಹಲವು ವಿದ್ವಾಂಸರ ಮತ. ತಮಿಳಿನ ನಾರ್ತಂಗಾಯ್, ಮಲಯಾಳದ ನಾರಂಙ ಇಂದಿಗೂ ಹುಳಿಹಣ್ಣುಗಳೇ. ‘ನರುಗಂಪು’ವಿನ ನರು ಇದಕ್ಕೆ ನಂಟೆನ್ನುವವರೂ ಇದ್ದಾರೆ. ಕನ್ನಡ ಮಾತ್ರ ಬೇರೆ ದಾರಿ ಹಿಡಿಯಿತು. ಕಿತ್ತಿಳೆ, ಹೇರಿಳೆ ಎಂಬ ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಕಿರಿದಾದ ಇಳೆ, ಹಿರಿದಾದ ಇಳೆ (ಇಲ್ಲಿ ಇಳೆ ಎಂದರೆ ಭೂಮಿಯಲ್ಲ, ಹುಳಿಹಣ್ಣು). ಒಂದು ಕಿತ್ತಳೆಯಾಯಿತು, ಇನ್ನೊಂದು ಉಪ್ಪಿನಕಾಯಿಯ ಹೇರಳೆಯಾಯಿತು.

ಇತ್ತ ನಾರಂಗ ಪಾರಸಿಯಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಸ್ಪೇನಿನಲ್ಲಿ ನರಾಂಹ ಆಗಿ ಪಡುವಣಕ್ಕೆ ನಡೆಯಿತು. ಫ್ರೆಂಚರ ಬಾಯಲ್ಲಿ ಮೊದಲ ‘ನ’ ಉದುರಿ ಆರೆಂಜ್ ಆಯಿತು. ಅರಬರು ಸ್ಪೇನಿಗೆ ಒಯ್ದ ಹಣ್ಣು ನಾವೀಗ ಸುಲಿದು ತಿನ್ನುವ ಸಿಹಿ ಕಿತ್ತಳೆಯಲ್ಲ, ಕಹಿ ಕಿತ್ತಳೆ. ಸಿಹಿಯದು ಯುರೋಪಿನಲ್ಲಿ ಹಬ್ಬಿದ್ದು ಶತಮಾನಗಳ ನಂತರ. ಬಂದದ್ದೇ ಹಳೆಯ ಹೆಸರನ್ನು ತನ್ನದಾಗಿಸಿಕೊಂಡಿತು. ಸಿಹಿ ಕಿತ್ತಳೆಯಲ್ಲಿ ನರಿಂಜಿನ್ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಮುಖ್ಯವಾಗಿ ಹೆಸ್ಪೆರಿಡಿನ್, ಅದಕ್ಕೆ ರುಚಿಯೇ ಇಲ್ಲ. ಆಡುಮಾತು ಕಳೆದುಕೊಂಡ ಕಹಿಯನ್ನು ರಸಾಯನಶಾಸ್ತ್ರ, ತನಗೇ ಅರಿವಿಲ್ಲದೆ, ಜೋಪಾನ ಮಾಡಿತು.

ನರಿಂಜಿನ್ ಫ್ಲೇವನಾಯ್ಡ್‌ಗಳ ಕುಲದ್ದು. ಲ್ಯಾಟಿನ್ನಿನ ‘ಫ್ಲಾವುಸ್’ ಎಂದರೆ ಹಳದಿ. ಈ ಕುಲಕ್ಕೆ ಇಂದು ಅಂಟಿರುವ ಬಿರುದು ‘ಉತ್ಕರ್ಷಣ ನಿರೋಧಕ’, ಅಂದರೆ ಆಂಟಿಆಕ್ಸಿಡೆಂಟ್. (ಏಳಿಗೆಗೆ ಅಡ್ಡಗಾಲು ಹಾಕುವವನ ಹಾಗೆ ಕೇಳಿಸುತ್ತದೆ, ಪಾರಿಭಾಷಿಕ ಪದಗಳ ಹಣೆಬರಹ!) ಗಾಜಿನ ನಳಿಕೆಯಲ್ಲಿ ಬಿರುದು ಸರಿಯೇ: ಫ್ಲೇವನಾಯ್ಡ್ ಒಂದು ಹೈಡ್ರೊಜನ್ ಪರಮಾಣುವನ್ನು ಬಿಟ್ಟುಕೊಟ್ಟು ಪುಂಡ ಫ್ರೀ ರಾಡಿಕಲ್ ಅನ್ನು ಸುಮ್ಮನಾಗಿಸುತ್ತದೆ. ಹೊಟ್ಟೆಯೊಳಗಿನ ಕಥೆ ಬೇರೆ. ಕರುಳಿನ ಬ್ಯಾಕ್ಟೀರಿಯಾ ನರಿಂಜಿನ್ನಿನ ಸಕ್ಕರೆ ಕಳಚಿ ನರಿಂಜೆನಿನ್ ಮಾಡುತ್ತವೆ, ಯಕೃತ್ತು ಅದನ್ನೂ ರೂಪ ಕೆಡಿಸಿ ಹೊರಗಟ್ಟುತ್ತದೆ. ರಕ್ತಕ್ಕೆ ಸೇರುವುದು ಅತ್ಯಲ್ಪ. ಹಣ್ಣು ತಿನ್ನುವವರಿಗೆ ಒಳಿತಾಗುವುದಿದ್ದರೂ ಅದರ ಕೀರ್ತಿಯನ್ನೆಲ್ಲ ಈ ಬಿರುದಿಗೆ ಬರೆದುಕೊಡಲು ನನಗೆ ಮನಸ್ಸಿಲ್ಲ. 1936ರಲ್ಲಿ ವಿಜ್ಞಾನಿ ಸೆಂಟ್-ಗ್ಯೋರ್ಗಿ ಇದೇ ಕುಲದ ವಸ್ತುಗಳಿಗೆ ‘ವಿಟಮಿನ್ ಪಿ’ ಎಂಬ ಪಟ್ಟ ಕಟ್ಟಿದ್ದರು, ಅದು ಉಳಿಯಲಿಲ್ಲ.

ಹೊಗಳಿಕೆಯಂತೆ ತೆಗಳಿಕೆಯೂ ತಪ್ಪು ವಿಳಾಸಕ್ಕೆ ಹೋದದ್ದುಂಟು. ಚಕ್ಕೋತದ ಸಂತತಿಯಾದ ಗ್ರೇಪ್‌ಫ್ರೂಟಿನ ರಸ ಕುಡಿದವರಲ್ಲಿ ರಕ್ತದೊತ್ತಡದ ಫೆಲೊಡಿಪಿನ್ ಮಾತ್ರೆಯ ಮಟ್ಟ ಅಪಾಯಕರವಾಗಿ ಏರುವುದನ್ನು ಕೆನಡಾದ ಡೇವಿಡ್ ಬೈಲಿ ತಂಡ ಆಕಸ್ಮಿಕವಾಗಿ ಕಂಡಿತು. ಮೊದಲ ಅನುಮಾನ ಬಿದ್ದದ್ದು ಈ ಕಹಿಯ ಮೇಲೆಯೇ. ಮುಂದೆ ಸಿಕ್ಕಿಬಿದ್ದ ಮುಖ್ಯ ಅಪರಾಧಿ ಬೇರೆ: ಅದೇ ರಸದಲ್ಲಿ ಅಡಗಿದ್ದ ಫ್ಯೂರನೋಕೂಮರಿನ್‌ಗಳು. ಅವು ಚಕ್ಕೋತದಲ್ಲೂ ಇವೆ. ಇಂಥ ಮಾತ್ರೆ ನುಂಗುವವರು ತೊಳೆ ಬಿಡಿಸುವ ಮೊದಲು ವೈದ್ಯರನ್ನು ಕೇಳಬೇಕು.